ಕಪ್ಪು ಬನಿಯನ್ನಿನವರ ಪರವಾಗಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಮಂಗಳವಾರ ನಿಮ್ಮ ಓದುಗರ ಅಂಕಣದಲ್ಲಿ ‘ನೊಂದ ಪೋಷಕ, ಸುಂಟಿಕೊಪ್ಪ’ ಎಂಬ ಸಹಿಯ ಪತ್ರವೊಂದು ಪ್ರಕಟವಾಗಿದೆ. ನಮ್ಮ ಕಡೆಯ ಸಭಾಂಗಣವೊಂದನ್ನು ರಾಕ್ ಸಂಗೀತ ನುಡಿಸುವ ನಾಲ್ವರು ಹುಡುಗರಿಗೆ ಒಂದು ಸಂಜೆಯ ಮಟ್ಟಿಗೆ ಕೊಟ್ಟದ್ದು ತಪ್ಪು, ಅದು ಸಂಗೀತವಲ್ಲ ಗದ್ದಲ, ಅದಕ್ಕೆ ಬರುವ ಕಪ್ಪು ಬನಿಯನ್ನಿನವರು ಅಮಲಿನಲ್ಲಿ ತಲೆ ಕೊಡವುವವರೇ ಹೊರತು ಕೇಳುಗರಲ್ಲ ಎಂದು ಅದರಲ್ಲಿ ಬರೆದಿದೆ. ಪತ್ರ ಬಂದದ್ದು ಮಂಗಳವಾರ. ಗುರುವಾರ ಸಂಜೆ ಸಭಾಂಗಣದವರು ಹುಡುಗರನ್ನು ಕರೆದು, ಆ ದಿನ ಸುಣ್ಣಬಣ್ಣದ ಕೆಲಸವಿದೆಯೆಂದು ಹೇಳಿ ಮುಂಗಡ ಹಣ ವಾಪಸು ಕೊಟ್ಟರು. ವರ್ಷಗಳಿಂದ ಸುಣ್ಣದ ಮುಖ ಕಾಣದ ಆ ಗೋಡೆಗಳಿಗೆ ಹಠಾತ್ತನೆ ಬಂದ ಯೋಗ ಕಂಡು ಸಂತೋಷಪಡಬೇಕೋ ಏನೋ. ನನಗೆ ಸಿಟ್ಟು ಬಂದಿದೆ. ಆದ್ದರಿಂದ ಈ ಪತ್ರ. ಉದ್ದವಾಗುತ್ತದೆ, ಕತ್ತರಿ ನಿಮ್ಮ ಕೈಯಲ್ಲಿದೆ.

ಹೆಸರು ಹಾಕದಿದ್ದರೂ ಸುಂಟಿಕೊಪ್ಪದಂಥ ಊರಿನಲ್ಲಿ ನಾಲ್ಕು ವಾಕ್ಯ ಓದಿದರೆ ಬರೆದವರ ಮನೆ ಗೇಟಿನ ಬಣ್ಣವೂ ಗೊತ್ತಾಗುತ್ತದೆ. ಅವರ ನೋವು ಯಾವುದೆಂದೂ ನನಗೆ ಗೊತ್ತು. ಅವರಿಗೆ ಹೆಸರು ಬೇಡವಾದರೆ ನನಗೂ ಬೇಡ.

ನಾನು ಐದು ಎಕರೆ ರೊಬಸ್ಟಾ ಕಾಫಿ ಮತ್ತು ಅದರ ನೆರಳುಮರಗಳಿಗೆ ಹಬ್ಬಿಸಿದ ಕರಿಮೆಣಸು ನಂಬಿಕೊಂಡಿರುವ 47 ವರ್ಷದ ಬೆಳೆಗಾರ. ಜೀವನದಲ್ಲಿ ಮದ್ಯ ಮುಟ್ಟಿಲ್ಲ ಎಂದು ಬರೆದರೆ ಊರಿನವರು ನಗುತ್ತಾರೆ, ಹಾಗಾಗಿ ಬರೆಯುವುದಿಲ್ಲ. ಆದರೆ 2007ರ ಮಾರ್ಚ್ 17ರ ಶನಿವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಎಂಬ ಇಂಗ್ಲೆಂಡಿನ ರಾಕ್ ತಂಡದ ಎದುರು ನಾನು ಒಂದು ತೊಟ್ಟೂ ಕುಡಿಯದೆ ನಿಂತಿದ್ದೆ. ಕುಡಿಯಲು ನೀರೂ ಸಿಕ್ಕಿರಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಈ ತಂಡ ನಮ್ಮ ತೋಟದ ಮನೆಗೆ ಬಂದದ್ದು ಸಮುದ್ರದ ದಾರಿಯಿಂದ. 1992ರಲ್ಲಿ ಹಡಗಿನ ಕೆಲಸದಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದಾಗ, ಅಜ್ಜಿಗೆ ಒಂದು ಕಂಬಳಿ, ಅಪ್ಪನಿಗೆ ಒಂದು ಟಾರ್ಚು, ನನಗೆ ಎರಡು ಕ್ಯಾಸೆಟ್ ತಂದಿದ್ದರು. ಎರಡರ ಮೇಲೂ ಕಣ್ಣು ಕೆಂಡವಾದ, ಚರ್ಮ ಎಲುಬಿಗೆ ಅಂಟಿದ ಒಂದು ಭೂತ. ಅದರ ಹೆಸರು ಎಡ್ಡಿ ಎಂದೂ ಅದು ಆ ತಂಡದ ಗುರುತೆಂದೂ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಅಜ್ಜಿಗೆ ಎರಡು ಕ್ಷಣವೂ ಬೇಕಾಗಲಿಲ್ಲ, ದೇವರ ದೀಪ ಕಾಣುವ ಕಡೆ ಅದನ್ನು ಇಡಬಾರದು, ಇಟ್ಟರೂ ಮುಖ ಕೆಳಗಾಗಿ ಇಡಬೇಕು ಎಂದು ಅಪ್ಪಣೆ ಮಾಡಿದರು. ಮಳೆಗಾಲದಲ್ಲಿ ಕರೆಂಟು ಹೋದರೆ ನಾಲ್ಕು ದಿನ ಬರುತ್ತಿರಲಿಲ್ಲ. ಟೇಪ್ ರೆಕಾರ್ಡರಿನ ಸೆಲ್ಲು ಸೋತಾಗ ಹಾಡು ನಿಧಾನವಾಗಿ ಗಾಯಕನ ಕಂಠ ಎಮ್ಮೆಯ ಕಂಠವಾಗುತ್ತಿತ್ತು. ಬಿಸಿಲು ಬಂದ ದಿನ ಸೆಲ್ಲುಗಳನ್ನು ಕಾಫಿ ಕಣದಲ್ಲಿ ಕಾಯಿಸಿ ಮತ್ತೆ ಹಾಕಿದರೆ ಎರಡು ಹಾಡಿನಷ್ಟು ಜೀವ ಬರುತ್ತಿತ್ತು.

ನಾನು ಕನ್ನಡ ಮಾಧ್ಯಮದವನು. ಕ್ಯಾಸೆಟ್ಟಿನ ಒಳಗಿನ ಮಡಿಕೆ ಕಾಗದದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿದ್ದ ಹಾಡುಗಳನ್ನು ನಿಘಂಟು ಇಟ್ಟುಕೊಂಡು ನೋಟು ಪುಸ್ತಕಕ್ಕೆ ಇಳಿಸುತ್ತಿದ್ದೆ. ಅಲೆಕ್ಸಾಂಡರನ ದಂಡಯಾತ್ರೆಯ ಮೇಲೆ ಅವರದೊಂದು ಹಾಡಿದೆ. ಕೋಲ್‌ರಿಜ್ ಎಂಬ ಇಂಗ್ಲಿಷ್ ಕವಿ ಬರೆದ ಮುದಿ ನಾವಿಕನ ಕಥೆಯನ್ನು 13 ನಿಮಿಷಕ್ಕೂ ಮೀರಿ ಹಾಡಿದ್ದಾರೆ. ಹಡಗಿನ ಚಿಕ್ಕಪ್ಪನಿಗೆ ಅದರ ಅರ್ಥ ಕೇಳಿದರೆ, ಹಕ್ಕಿ ಕೊಂದವನ ಗತಿ ಅಷ್ಟೇ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಕ್ರಿಮಿಯಾ ಎಲ್ಲಿದೆ ಎಂದು ನಾನು ಭೂಪಟದಲ್ಲಿ ಹುಡುಕಿದ್ದು ಶಾಲೆಯ ಪಾಠಕ್ಕಾಗಿ ಅಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಪಾಸಾದದ್ದಕ್ಕೆ ಅಪ್ಪ ಬಸವೇಶ್ವರನಿಗೆ ಕಾಯಿ ಒಡೆಸಿದರು, ನಾನು ಬೇರೆಯವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆಮೇಲೆ ಬಹಳ ಕಾಲ ನೋಟು ಪುಸ್ತಕವೇ ಗತಿ. ಬೆಂಗಳೂರಿಗೆ 2002ರಲ್ಲಿ ರಾಕ್ ಗಾಯಕ ರೋಜರ್ ವಾಟರ್ಸ್ ಬಂದರು, ಮರುವರ್ಷ ರೋಲಿಂಗ್ ಸ್ಟೋನ್ಸ್ ತಂಡದವರು ಬಂದರು. ಕಾಫಿ ಬೆಲೆ ನೆಲ ಕಚ್ಚಿದ್ದ ವರ್ಷಗಳು ಅವು. ಹಣ್ಣು ಕುಯ್ಯಿಸುವ ಕೂಲಿಯೂ ಹುಟ್ಟುವುದಿಲ್ಲ ಎಂದು ಕೆಲವರು ಗಿಡದಲ್ಲೇ ಬಿಟ್ಟಿದ್ದರು. ಟಿಕೆಟ್ಟಿನ ಮಾತು ಮನೆಯಲ್ಲಿ ಎತ್ತುವ ಧೈರ್ಯ ಯಾರಿಗಿತ್ತು? 2007ರ ಹೊತ್ತಿಗೆ ಸ್ವಲ್ಪ ಉಸಿರಾಡುವಂತಾಗಿತ್ತು. ಐರನ್ ಮೇಡನ್ ಭಾರತಕ್ಕೆ ಮೊದಲ ಸಲ ಬರುತ್ತದೆ, ಅದೂ ಬೆಂಗಳೂರಿಗೆ ಎಂಬ ಸುದ್ದಿ ಪತ್ರಿಕೆಯಲ್ಲಿ ಓದಿದ ದಿನವೇ ಎರಡು ಚೀಲ ಕರಿಮೆಣಸು ತೂಕಕ್ಕೆ ಹಾಕಿದೆ. ಬೆಲೆ ಏರಬಹುದು, ಕಾಯಬಹುದಿತ್ತು. ಕಾಯಲಿಲ್ಲ.

ಅಪ್ಪನ ತಕರಾರು ನ್ಯಾಯವಾದದ್ದೇ. ಮಾರ್ಚ್ ಎಂದರೆ ಹೂಮಳೆಯ ಕಾಲ. ಆ ವರ್ಷ ಮಳೆ ಬಾರದೆ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸುವ ಕೆಲಸ ನಡೆದಿತ್ತು. ಡೀಸೆಲ್ ಪಂಪಿನ ಬಳಿ ಹಗಲು ರಾತ್ರಿ ಒಬ್ಬರು ಇರಲೇಬೇಕು, ಪೈಪು ಎತ್ತಿ ಮುಂದಿನ ಸಾಲಿಗೆ ಜೋಡಿಸಬೇಕು. ‘ಬ್ಯಾಂಡ್ ನೋಡಲು ಬೆಂಗಳೂರಿಗೆ ಹೋಗುತ್ತೀಯಾ? ಮದುವೆ ಯಾರದು?’ ಎಂದು ಅಪ್ಪ ಕೇಳಿದರು. ಅವರಿಗೆ ಬ್ಯಾಂಡ್ ಎಂದರೆ ಕೆಂಪು ಅಂಗಿ ತೊಟ್ಟು ಮೆರವಣಿಗೆಯಲ್ಲಿ ನುಡಿಸುವವರು. ಹೂ ಬಿಡುವಾಗ ಊರು ಬಿಡುವವನು ಬೆಳೆಗಾರನಲ್ಲ ಎಂದೂ ಹೇಳಿದರು. ಕೊನೆಗೆ ಅಕ್ಕ ನಡುವೆ ಬಂದು, ಭಾವ ಜೊತೆಗೆ ಹೋಗುವುದಾದರೆ ಸರಿ ಎಂದು ತೀರ್ಮಾನ ಮಾಡಿಸಿದಳು. ಭಾವ 24 ವರ್ಷ ಸೇನೆಯಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು. ಅವರಿಗೆ ಈ ಸಂಗೀತದ ಗಂಧವೂ ಇರಲಿಲ್ಲ. ಅವರ ಬಳಿ ಜೀಪು ಇತ್ತು.

ಹೊರಟವರು ಐವರು. ನಾನು, ಭಾವ, ವರ್ಕ್‌ಶಾಪ್ ನಡೆಸುವ ಗೆಳೆಯ, ಚರ್ಚಿನಲ್ಲಿ ಗಿಟಾರ್ ನುಡಿಸುತ್ತಿದ್ದ ಒಬ್ಬ ಹುಡುಗ, ಮತ್ತು ನನ್ನ ಸೋದರಮಾವನ ಮಗ. ತಂಡದ ಹೆಸರಿನ ಬನಿಯನ್ನು ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಕುಶಾಲನಗರದಲ್ಲಿ ನಾಲ್ಕು ಕಪ್ಪು ಬನಿಯನ್ನು ಕೊಂಡು, ಅಂಗಡಿ ಬೋರ್ಡು ಮತ್ತು ಗಣಪತಿ ಹಬ್ಬದ ಬ್ಯಾನರು ಬರೆಯುತ್ತಿದ್ದ ಕಲಾವಿದರೊಬ್ಬರಿಗೆ ಕ್ಯಾಸೆಟ್ಟಿನ ಚಿತ್ರ ಕೊಟ್ಟೆವು. ಅವರು ಕನ್ನಡಕ ಹಣೆಗೇರಿಸಿ ನೋಡಿ, ‘ಇದು ಯಾವ ದೈವ?’ ಎಂದು ಕೇಳಿದರು. ಬಂದ ಎಡ್ಡಿಗೆ ಯಕ್ಷಗಾನದ ಬಣ್ಣದ ವೇಷದ ಹುಬ್ಬು, ಗುಳಿಗನ ಕೋರೆಹಲ್ಲು ಇದ್ದವು. ನಾಲ್ಕರಲ್ಲಿ ಒಂದಕ್ಕೆ ಅಭ್ಯಾಸಬಲದಿಂದ ಕೊರಳಿಗೊಂದು ಹಾರವನ್ನೂ ಹಾಕಿದ್ದರು. ಅದನ್ನು ಯಾರು ತೊಡಬೇಕೆಂದು ಚೀಟಿ ಎತ್ತಿದೆವು, ನನಗೇ ಬಂತು. ಇಂದಿಗೂ ಬೀರುವಿನಲ್ಲಿದೆ, ಹೆಂಡತಿ ನೆಲ ಒರೆಸಲು ಕೇಳಿದಾಗಲೂ ಕೊಟ್ಟಿಲ್ಲ.

ಬೆಳಗ್ಗೆ ಐದಕ್ಕೆ ಹೊರಟು, ಪಿರಿಯಾಪಟ್ಟಣ, ಹುಣಸೂರು, ಮೈಸೂರು ದಾಟಿ ಸುಮಾರು 250 ಕಿಲೋಮೀಟರ್ ಓಡಿ ಮಧ್ಯಾಹ್ನಕ್ಕೆ ಬೆಂಗಳೂರು ಸೇರಿದೆವು. ಮೈದಾನದ ಹೊರಗಿನ ಸಾಲು ನೋಡಿ ಭಾವ, ಸೇನಾ ಭರ್ತಿಗೂ ಇಷ್ಟು ಜನ ಬರುವುದಿಲ್ಲ ಎಂದರು. ಎಲ್ಲರದೂ ಕಪ್ಪು ಬನಿಯನ್ನು, ಎಲ್ಲರ ಎದೆಯ ಮೇಲೂ ಅದೇ ಭೂತ. ನಮ್ಮ ಎಡ್ಡಿಯ ಕೊರಳ ಹಾರ ಕಂಡು ಹಿಂದೆ ನಿಂತಿದ್ದ ಹುಡುಗನೊಬ್ಬ ನಕ್ಕು, ಅದರ ಜೊತೆ ಫೋಟೋ ತೆಗೆಸಿಕೊಂಡ. ಅವನು ಶಿಲ್ಲಾಂಗಿನವನು, ಮೂರು ದಿನ ರೈಲಿನಲ್ಲಿ ಬಂದಿದ್ದ. ಅವನಿಗೆ ಕನ್ನಡ ಬಾರದು, ನನ್ನ ಹಿಂದಿ ಸಂತೆಯ ಹಿಂದಿ. ನಾನು ಒಂದು ಹಾಡಿನ ಹೆಸರು ಹೇಳಿದರೆ ಅವನು ಅದು ಬಂದ ವರ್ಷ ಹೇಳುತ್ತಿದ್ದ, ಅವನು ವರ್ಷ ಹೇಳಿದರೆ ನಾನು ಅದರ ಎರಡನೆಯ ಸಾಲು ಹೇಳುತ್ತಿದ್ದೆ. ಮೂರು ಗಂಟೆ ಹೀಗೇ ಕಳೆಯಿತು. 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ತಂಡ ಕಟ್ಟಿದ ಸ್ಟೀವ್ ಹ್ಯಾರಿಸ್ ನುಡಿಸುವುದು ಬಾಸ್ ಗಿಟಾರ್. ಮುಂದೆ ನಿಂತು ಹಾಡುವವರಲ್ಲ, ಹಿಂದಿನಿಂದ ಎಳೆಯುವ ಎತ್ತು ಅವರೇ. ಇದನ್ನು ನಾನು ಸುಬೇದಾರ್ ಭಾವನಿಗೆ ವಿವರಿಸುವಾಗ ಆ ಹುಡುಗ ಒಂದಕ್ಷರ ತಿಳಿಯದಿದ್ದರೂ ಹ್ಯಾರಿಸ್ ಹೆಸರು ಬಂದಾಗಲೆಲ್ಲ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದ.

ಈಗ ನೀರಿನ ಮಾತು. ಗೇಟಿನಲ್ಲಿ ಎಲ್ಲರ ಬಾಟಲಿ ಕಿತ್ತುಕೊಂಡು ರಾಶಿ ಹಾಕಿದರು. ಅಕ್ಕ ಕಟ್ಟಿಕೊಟ್ಟ ಅಕ್ಕಿರೊಟ್ಟಿಯ ಪೊಟ್ಟಣವೂ ಆ ರಾಶಿಗೆ ಸೇರಿತು. ಒಳಗೆ ನೀರು ಮಾರುವ ಕಡೆ ಕೈ ತಲುಪುವಷ್ಟರಲ್ಲಿ ಅದೂ ಮುಗಿದಿತ್ತು. ಮಾರ್ಚ್ ತಿಂಗಳ ಬಿಸಿಲು, ಕಾಲಡಿಯ ಧೂಳು ಬಾಯಲ್ಲಿ. ಕಾರ್ಯಕ್ರಮ ನಡೆಸಿದವರ ಮೇಲೆ ಆ ಸಿಟ್ಟು ನನಗೆ ಇನ್ನೂ ಇದೆ. ನೊಂದ ಪೋಷಕರು ಈ ವಿಷಯದಲ್ಲಿ ಪತ್ರ ಬರೆದಿದ್ದರೆ ಕೆಳಗೆ ನಾನೂ ಸಹಿ ಹಾಕುತ್ತಿದ್ದೆ. ಆದರೆ ಅವರು ‘ಅಂಥ ಜನ’ ಎಂದು ಬರೆದಿದ್ದಾರಲ್ಲ, ಅಂಥ ಜನ ಆ ಹೊತ್ತು ಏನು ಮಾಡಿದರು ಎಂದರೆ, ಮುಂದಿನ ಸಾಲಿನಲ್ಲಿ ಯಾರಿಗೋ ಸಿಕ್ಕಿದ ಒಂದು ಬಾಟಲಿ ತಲೆಯ ಮೇಲಿಂದ ಕೈದಾಟುತ್ತಾ ನಮ್ಮವರೆಗೆ ಬಂತು. ಒಬ್ಬೊಬ್ಬರೂ ಒಂದೊಂದು ಗುಟುಕು, ಬಾಯಿ ತಾಗಿಸದೆ. ಭಾವ ಕುಡಿಯದೆ ಪಕ್ಕದ ಹುಡುಗಿಗೆ ಕೊಟ್ಟರು.

ಮೊದಲು ಹಾಡಿದ್ದು ಹ್ಯಾರಿಸ್ ಅವರ ಮಗಳು ಲಾರೆನ್, ಮತ್ತು ದೆಹಲಿಯ ಪರಿಕ್ರಮ ತಂಡ. ಪರಿಕ್ರಮದಲ್ಲಿ ವಯಲಿನ್ ಇದೆ. ರಾಕ್ ಸಂಗೀತದಲ್ಲಿ ವಯಲಿನ್ ಎಂದಾಗ ಚರ್ಚಿನ ಹುಡುಗ ಮೂಗು ಮುರಿದಿದ್ದ, ಅರ್ಧ ಹಾಡಿಗೇ ತಲೆದೂಗಿದ. ಕತ್ತಲಾದ ಮೇಲೆ ಐರನ್ ಮೇಡನ್ ಬಂದರು. ಮೊದಲ ಹಾಡಿನ ಬಗ್ಗೆ ಏನೂ ಹೇಳಲಾರೆ, ನನಗೆ ನೆನಪಿರುವುದು ನನ್ನ ಪಕ್ಕೆಲುಬು ಮಾತ್ರ. ಡ್ರಮ್ಮಿನ ಪೆಟ್ಟು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ ಎಂದು ಕ್ಯಾಸೆಟ್ಟಿನಲ್ಲಿ ಹದಿನೈದು ವರ್ಷ ಕೇಳಿದರೂ ತಿಳಿದಿರಲಿಲ್ಲ. ಮದುವೆ ಮನೆಯಲ್ಲಿ ವಾಲಗದವರ ಪಕ್ಕದಲ್ಲೇ ನಿಂತವರಿಗೆ ಈ ಮಾತು ಅರ್ಥವಾಗುತ್ತದೆ.

ಗಾಯಕ ಬ್ರೂಸ್ ಡಿಕಿನ್ಸನ್ ಅವರಿಗೆ ಆಗ 48 ವರ್ಷ. ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಾ, ಹಾರುತ್ತಾ, ಒಂದು ಸ್ವರವೂ ಜಾರದಂತೆ ಹಾಡಿದರು. ನನಗೀಗ 47. ತೋಟದ ಏರು ಹತ್ತುವಾಗ ಫೋನು ಬಂದರೆ ಎತ್ತುವುದಿಲ್ಲ. ಅವರು ವಿಮಾನದ ಪೈಲಟ್ ಕೂಡ ಹೌದು ಎಂದು ನಾನು ಹೇಳಿದ್ದು ಭಾವನಿಗೆ ಎಲ್ಲಕ್ಕಿಂತ ಹಿಡಿಸಿತು.

ಅದೇ ಡಿಕಿನ್ಸನ್ ಒಂದು ಹಾಡಿಗೆ ಕೆಂಪು ಸೈನಿಕ ಕೋಟು ತೊಟ್ಟು, ಬ್ರಿಟಿಷ್ ಬಾವುಟ ಬೀಸುತ್ತಾ ಬಂದರು. ಅಲ್ಲಿಯವರೆಗೆ ಕೈಕಟ್ಟಿ ನಿಂತಿದ್ದ ಭಾವ ನನ್ನ ಭುಜ ಹಿಡಿದರು. ‘ನಮ್ಮ ನೆಲಕ್ಕೆ ಬಂದು ಆ ಬಾವುಟ ಬೀಸುತ್ತಾನಲ್ಲ, ಇದಕ್ಕೋ ನೀನು ಮೆಣಸು ಮಾರಿದ್ದು?’ ನಾನು ಅವರ ಕಿವಿಗೆ ಬಾಯಿ ಇಟ್ಟು ಕೂಗಿ ಹೇಳಿದೆ. ಇದು ಗೆದ್ದ ಹಾಡಲ್ಲ ಭಾವ. 1854ರ ಅಕ್ಟೋಬರ್ 25, ಕ್ರಿಮಿಯಾದ ಬಾಲಕ್ಲಾವಾ. ಮೇಲಿನಿಂದ ಬಂದ ಆದೇಶ ಕೆಳಗಿನವರಿಗೆ ತಪ್ಪಾಗಿ ತಲುಪಿ, ಸುಮಾರು 670 ಬ್ರಿಟಿಷ್ ಕುದುರೆ ಸವಾರರು ಕಣಿವೆಯೊಳಗೆ ನೇರವಾಗಿ ರಷ್ಯಾದ ಫಿರಂಗಿಗಳ ಬಾಯಿಗೆ ನುಗ್ಗಿದರು. ಹಾಡುವವನು ಅವರಲ್ಲಿ ಬಿದ್ದು ಸಾಯುತ್ತಿರುವ ಒಬ್ಬ ಸಿಪಾಯಿ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ತಪ್ಪು ಆದೇಶ ಕೊಟ್ಟವನ ಹೆಸರು ಹಾಡಿನಲ್ಲಿದೆಯೋ?’ ಎಂದು ಕೇಳಿದರು.

‘ಇಲ್ಲ ಭಾವ.’

‘ಇರುವುದಿಲ್ಲ,’ ಎಂದರು. ಹಾಡು ಮುಗಿಯುವವರೆಗೆ ಕೈಕಟ್ಟು ಬಿಚ್ಚಿ, ನೆಟ್ಟಗೆ ನಿಂತಿದ್ದರು.

ಇನ್ನೊಂದು ಹಾಡಿನ ವಿಷಯ ಹೇಳದೆ ಬಿಡಲಾರೆ. ಕತ್ತಲೆಯಲ್ಲಿ ಒಬ್ಬನೇ ನಡೆಯುವವನಿಗೆ ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸುವ ಹಾಡು ಅದು. ಲಂಡನ್ನಿನ ಬೀದಿಯಲ್ಲಿ ಆ ಭಯ ಎಷ್ಟಿರುತ್ತದೋ ನನಗೆ ತಿಳಿಯದು. ನಮ್ಮ ಗೇಟಿನಿಂದ ಮನೆಗೆ ಮುಕ್ಕಾಲು ಕಿಲೋಮೀಟರ್ ತೋಟದ ದಾರಿ, ಹಲಸು ಹಣ್ಣಾಗುವ ಕಾಲದಲ್ಲಿ ಯಾವ ತಿರುವಿನಲ್ಲಿ ಆನೆ ನಿಂತಿದೆಯೋ ಹೇಳಲಾಗುವುದಿಲ್ಲ. ಕೊನೆಯ ಬಸ್ಸಿಳಿದು ಆ ದಾರಿಯಲ್ಲಿ ನಡೆಯುವಾಗ ನಾನು ಸದಾ ಗುನುಗಿಕೊಂಡದ್ದು ಆ ಹಾಡನ್ನೇ. ಅಂದು ಗಿಟಾರಿನಲ್ಲಿ ಅದರ ಮೊದಲ ಎಳೆ ಬಂದ ಕೂಡಲೇ ಇಡೀ ಮೈದಾನ ಆ ಎಳೆಯನ್ನು ಬಾಯಲ್ಲಿ ಹಾಡಿತು. ಪದವಲ್ಲ, ರಾಗ. ಸಾವಿರಾರು ಜನ, ಒಬ್ಬರ ಕೈಯಲ್ಲೂ ಕಾಗದವಿಲ್ಲ, ಎಲ್ಲಿ ಏರಬೇಕು ಎಲ್ಲಿ ತಡೆಯಬೇಕು ಎಂದು ಹೇಳುವವರಿಲ್ಲ. ಪುತ್ತರಿ ಹಬ್ಬದಲ್ಲಿ ನಾಲ್ವರು ಕುಳಿತು ದುಡಿ ಬಾರಿಸುತ್ತಾ ಹಾಡುವ ಕೊಡವ ಹಾಡುಗಾರರು ಪುಸ್ತಕ ನೋಡುತ್ತಾರೆಯೇ? ಹಾಗೆಯೇ ಇದು. ಶಿಲ್ಲಾಂಗಿನ ಹುಡುಗ ಕಣ್ಣು ಮುಚ್ಚಿ ಹಾಡುತ್ತಿದ್ದ, ಗಲ್ಲ ಒದ್ದೆಯಾಗಿತ್ತು. ಅವನ ದಾರಿಯಲ್ಲಿ ಆನೆ ಇತ್ತೋ ಇನ್ನೇನಿತ್ತೋ ನಾನು ಕೇಳಲಿಲ್ಲ. ಇವರನ್ನು ಕೇಳುಗರಲ್ಲ ಎಂದರೆ, ಮಾನ್ಯರೇ, ಕಛೇರಿಯ ಮುಂದಿನ ಸಾಲಿನಲ್ಲಿ ಕುಳಿತು ಮೃದಂಗದವರ ತನಿ ಆವರ್ತನ ಶುರುವಾದ ಕೂಡಲೇ ಕ್ಯಾಂಟೀನಿಗೆ ಎದ್ದು ಹೋಗುವವರನ್ನು ಏನೆಂದು ಕರೆಯಬೇಕು?

ಗದ್ದಲ, ಹೊಡೆದಾಟ ನಾನು ನೋಡಿದ್ದು ಹಿಂದಿರುಗುವಾಗ. ಮಧ್ಯರಾತ್ರಿ ದಾಟಿದ ಮೇಲೆ ಮದ್ದೂರಿನ ಬಳಿ ತೆರೆದಿದ್ದ ಒಂದು ಹೋಟೆಲಿನಲ್ಲಿ ಜೀಪು ನಿಲ್ಲಿಸಿದೆವು. ಟಿವಿಯಲ್ಲಿ ವಿಶ್ವಕಪ್ ಕ್ರಿಕೆಟ್. ವೆಸ್ಟ್ ಇಂಡೀಸಿನಲ್ಲಿ ನಮ್ಮ ರಾಹುಲ್ ದ್ರಾವಿಡ್ ನಾಯಕತ್ವದ ಭಾರತ 191ಕ್ಕೆ ಆಲೌಟಾಗಿ, ಬಾಂಗ್ಲಾದೇಶದ ಹುಡುಗರು ನಿರಾತಂಕವಾಗಿ ಬೆನ್ನಟ್ಟುತ್ತಿದ್ದರು. ಒಬ್ಬ ಗಾಜಿನ ಲೋಟ ಗೋಡೆಗೆ ಎಸೆದ. ಇನ್ನೊಬ್ಬ ಮೇಜು ಉರುಳಿಸಿದ. ಆಡಬಾರದ ಮಾತುಗಳೆಲ್ಲ ಆಡಿದ್ದಾಯಿತು. ಕಪ್ಪು ಬನಿಯನ್ನಿನ ನಾವು ನಾಲ್ವರು ಮೂಲೆಯಲ್ಲಿ ಹೆದರಿ ಕುಳಿತು ಇಡ್ಲಿ ತಿಂದೆವು. ಆ ಸೋಲಿಗೆ ಮರುದಿನ ರಾಂಚಿಯಲ್ಲಿ ಕಟ್ಟುತ್ತಿದ್ದ ಧೋನಿಯವರ ಮನೆಗೆ ಜನ ನುಗ್ಗಿ ಹಾಳುಗೆಡವಿದರು. ಇದಾದ ಮೇಲೆ, ಮಕ್ಕಳ ಕೈಗೆ ಬ್ಯಾಟು ಕೊಡಬೇಡಿ ಎಂದು ಯಾವ ನೊಂದ ಪೋಷಕರೂ ನಿಮಗೆ ಬರೆದ ನೆನಪು ನನಗಿಲ್ಲ.

ನಮ್ಮವರೂ ದೇವತೆಗಳೇನಲ್ಲ. 2011ರ ಅಕ್ಟೋಬರ್ 28ರಂದು ಗುರುಗ್ರಾಮದಲ್ಲಿ ಮೆಟಾಲಿಕಾ ಎಂಬ ರಾಕ್ ತಂಡದ ಕಾರ್ಯಕ್ರಮ ಕೊನೆ ಗಳಿಗೆಯಲ್ಲಿ ನಿಂತುಹೋದಾಗ ಒಂದಷ್ಟು ಜನ ವೇದಿಕೆಗೆ ನುಗ್ಗಿ ಸಿಕ್ಕಿದ್ದನ್ನೆಲ್ಲ ಮುರಿದರು. ಅದನ್ನು ಸಮರ್ಥಿಸಲು ನನ್ನಲ್ಲಿ ಮಾತಿಲ್ಲ. ಎರಡೇ ದಿನದ ನಂತರ ಅದೇ ತಂಡ ನಮ್ಮ ಅರಮನೆ ಮೈದಾನದಲ್ಲಿ ನುಡಿಸಿತು, ಜನ ಕೇಳಿ ಮನೆಗೆ ಹೋದರು ಎಂಬುದನ್ನೂ ಅದರ ಪಕ್ಕದಲ್ಲಿ ಇಡಬೇಕು.

ಸದ್ದಿನ ಬಗ್ಗೆ ನೊಂದ ಪೋಷಕರು ಹೇಳಿದ್ದರಲ್ಲಿ ಅರ್ಧ ನಿಜ. ಬೆಳಗಿನ ಜಾವ ಮನೆ ಸೇರಿದಾಗ ನನ್ನ ಕಿವಿಯಲ್ಲಿ ಗುಂಯ್ ಎಂಬ ನಾದ, ಎರಡು ದಿನ ಹೋಗಲಿಲ್ಲ. ಪಂಪಿನ ಬಳಿ ರಾತ್ರಿಯಿಡೀ ಕುಳಿತಿದ್ದ ಅಪ್ಪ ಬೈದದ್ದು ಅರ್ಧ ಮಾತ್ರ ಕೇಳಿಸಿತು, ಅದೊಂದು ಲಾಭ. ಆದರೆ ಕಿವಿ ಆಟದ ಸಾಮಾನಲ್ಲ. ನನ್ನ ಗೋದಾಮಿನಲ್ಲಿ ಅಭ್ಯಾಸ ಮಾಡುವ ಈ ನಾಲ್ವರು ಹುಡುಗರಿಗೆ ಕಿವಿಗೆ ಬಿರಡೆ ಹಾಕದೆ ಡ್ರಮ್ಮಿನ ಕೋಲು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ್ದೇನೆ. ನಿಯಮವನ್ನೂ ಓದಿದ್ದೇನೆ. ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ಹುಡುಗರು ಕೇಳಿದ್ದು ಬಾಗಿಲು ಮುಚ್ಚಿದ ಸಭಾಂಗಣದಲ್ಲಿ ಸಂಜೆ 6ರಿಂದ 8ರವರೆಗೆ, ಅದೂ ಪರೀಕ್ಷೆಗಳೆಲ್ಲ ಮುಗಿದ ಮೇಲೆ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳು ಹೊರಟಾಗ ಬೆಳಗಾಗುವವರೆಗೆ ಕಿಟಕಿ ಗಾಜು ನಡುಗುತ್ತವೆ. ನಾನೂ ಹೋಗುತ್ತೇನೆ, ಕುಣಿಯುತ್ತೇನೆ, ನೊಂದ ಪೋಷಕರನ್ನೂ ಅಲ್ಲಿ ನೋಡಿದ್ದೇನೆ. ಚೆನ್ನಾಗಿ ಕುಣಿಯುತ್ತಾರೆ.

ಇನ್ನು ಈ ಹುಡುಗರ ಬಗ್ಗೆ. ಅವರು ಐರನ್ ಮೇಡನ್ ಹಾಡುಗಳನ್ನು ನುಡಿಸುವುದಿಲ್ಲ, ಹಳೆಯದಾಯಿತು ಎನ್ನುತ್ತಾರೆ. ನನಗೆ ಸ್ವಲ್ಪ ಬೇಸರವಾಯಿತು, ಹೋಗಲಿ. ಕನ್ನಡದಲ್ಲಿ ತಾವೇ ಬರೆದ ಆರು ಹಾಡು ಅವರ ಬಳಿ ಇವೆ. ಡ್ರಮ್ ಬಾರಿಸುವವನು 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಹತ್ತು ವರ್ಷದವನು. ಮನೆ ಹೋಯಿತು, ತೋಟ ಹೋಯಿತು, ಪರಿಹಾರ ಶಿಬಿರದಲ್ಲಿ ವಾರಗಟ್ಟಲೆ ಇದ್ದು, ಈಗ ಜಂಬೂರಿನ ಪುನರ್ವಸತಿ ಮನೆಯಲ್ಲಿದ್ದಾನೆ. ಅಲ್ಲಿ ಮನೆಗೆ ಮನೆ ಹತ್ತಿರ, ಡ್ರಮ್ ಮುಟ್ಟುವಂತಿಲ್ಲ, ಅದಕ್ಕೇ ನನ್ನ ಗೋದಾಮಿಗೆ ಬಂದದ್ದು. ಬೆಲೆ ನೋಡುತ್ತಾ ನಾನಿನ್ನೂ ಕಾಫಿ ಮಾರಿಲ್ಲ. ಗೋಡೆಯ ಎತ್ತರಕ್ಕೆ ಚೀಲ ಪೇರಿಸಿದ್ದರಿಂದ ಸದ್ದು ಹೊರಗೆ ಹೋಗುವುದಿಲ್ಲ. ಅವರ ಮೂರನೆಯ ಹಾಡು ಆ ಆಗಸ್ಟ್ ತಿಂಗಳಿನ ಮೇಲೆ. ಅದರಲ್ಲಿ ಒಂದು ಕಡೆ ಗಿಟಾರುಗಳೆಲ್ಲ ನಿಂತು, ಡ್ರಮ್ ಒಂದೇ, ಮೊದಲು ದೂರದಲ್ಲಿ, ಆಮೇಲೆ ಹತ್ತಿರ, ಆಮೇಲೆ ಮೈಮೇಲೆ ಬರುತ್ತದೆ. ಮೊದಲ ಸಲ ಕೇಳಿದಾಗ ನಾನು ಎದ್ದು ಹೊರಗೆ ಹೋಗಿ ಗುಡ್ಡದ ಕಡೆ ನೋಡಿದೆ. ಅಂಥ ರಾತ್ರಿಯ ಸದ್ದನ್ನು ಮೆಲುದನಿಯಲ್ಲಿ ಹಾಡು ಎಂದು ಆ ಹುಡುಗನಿಗೆ ನಾನಂತೂ ಹೇಳಲಾರೆ.

ಸಭಾಂಗಣದವರನ್ನು ಮತ್ತೆ ಕೇಳಿಕೊಳ್ಳುವುದಿಲ್ಲ, ಅವರು ಸುಣ್ಣ ಬಳಿಯಲಿ. ಬರುವ ಭಾನುವಾರ ಸಂಜೆ 5ಕ್ಕೆ ಹುಡುಗರು ನನ್ನ ಗೋದಾಮಿನಲ್ಲೇ ಆರೂ ಹಾಡು ನುಡಿಸುತ್ತಾರೆ. 7ಕ್ಕೆ ಮುಗಿಯುತ್ತದೆ, ಆನೆ ದಾಟುವ ಹೊತ್ತಿಗೆ ಮೊದಲು ಎಲ್ಲರೂ ಮನೆ ಸೇರಬಹುದು. ನೊಂದ ಪೋಷಕರು ದಯವಿಟ್ಟು ಬರಬೇಕು. ಕಿವಿಗೆ ಹತ್ತಿ ನಾನೇ ಇಟ್ಟಿರುತ್ತೇನೆ. ಚೀಲಗಳ ಪಕ್ಕದಲ್ಲಿ ಸದ್ದು ಮೆತ್ತಗಿರುತ್ತದೆ, ಅಲ್ಲಿ ಕುರ್ಚಿ ಹಾಕಿಸುತ್ತೇನೆ. ಪಕ್ಕದ ಕುರ್ಚಿಯಲ್ಲಿ ನಮ್ಮ ಭಾವ ಇರುತ್ತಾರೆ, ಅವರಿಗೀಗ 70 ದಾಟಿದೆ, ಅರ್ಥವಾಗದ್ದನ್ನು ಅವರನ್ನೇ ಕೇಳಬಹುದು. ಬರುವಾಗ ಮುಂದಿನ ಬಾಗಿಲು ಬೇಡ, ಕಣದ ಕಡೆಯ ಬಾಗಿಲಿನಿಂದ ಬನ್ನಿ. ಬಾಸ್ ಗಿಟಾರ್ ನುಡಿಸುವ ಹುಡುಗ ಅಪ್ಪನ ಮುಖ ಕಂಡರೆ ಮೊದಲ ಹಾಡಿನಲ್ಲೇ ತಾಳ ತಪ್ಪುತ್ತಾನೆ.

ಇತಿ,
ನಿಮ್ಮ ಓದುಗ,
ಕಾಫಿ ಬೆಳೆಗಾರ, ಸುಂಟಿಕೊಪ್ಪ, ಕೊಡಗು